ಹತ್ತು ಸಲ ಹೋದರೆಲ್ಲ ಭೇದಿ ಅಲ್ಲ

ಓದುಗರ ಪ್ರಶ್ನೆ, ಸರ್ಜನ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕರುಳಿನ ಆಪರೇಷನ್ ಆದವರದ್ದೇ ಜಾಸ್ತಿ. ಕೆಲವರಿಗೆ ‘ಕರುಳು ಜೋಡಿಸಿದ ಜಾಗ ಕಿರಿದಾಗಿದೆ’ ಅಂತ ಡಾಕ್ಟರು ಹೇಳಿ ಕಳಿಸಿದ್ದಾರೆ. ಇನ್ನು ಕೆಲವರಿಗೆ ಹಾಗೂ ಆಗಬಹುದು ಅಂತ ಯಾರೂ ಹೇಳೇ ಇಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಊರಿನ ಹೆಸರು ಬಿಟ್ಟು ಬೇರೆ ಗುರುತೆಲ್ಲ ತೆಗೆದಿದ್ದೇನೆ. ತಿಂಡಿ ತಿನ್ನುತ್ತಾ ಓದುವವರು ಪತ್ರಿಕೆ ಮಡಚಿಟ್ಟು ಆಮೇಲೆ ಬನ್ನಿ. ಇಲ್ಲಿ ಮಲದ ಮಾತೇ ಇರೋದು.

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 58 ವರ್ಷ. ಹೋದ ವರ್ಷ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯಿತು. ಮೊದಲು ಕರೆಂಟು ಕೊಟ್ಟರು, ಆಮೇಲೆ ಆಪರೇಷನ್ ಆಯಿತು. ಮಲ ಹೊರಗೆ ಬರೋಕೆ ಹೊಟ್ಟೆ ಮೇಲೆ ಚೀಲ ಹಾಕಿದ್ದರು. ಅದನ್ನು ಮುಚ್ಚಿ ನಾಲ್ಕು ತಿಂಗಳಾಯಿತು. ಈಗ ದಿನಕ್ಕೆ ಹತ್ತು ಹನ್ನೆರಡು ಸಲ ಟಾಯ್ಲೆಟ್ಟಿಗೆ ಹೋಗುತ್ತಾರೆ. ಹೋದಾಗೆಲ್ಲ ಚೂರೇ ಚೂರು. ರಾತ್ರಿ ಹೊಟ್ಟೆ ಉಬ್ಬಿ ನಿದ್ದೆ ಇಲ್ಲ. ನಮ್ಮ ಬೀದಿಯ ಡಾಕ್ಟರು ಭೇದಿ ನಿಲ್ಲುವ ಮಾತ್ರೆ ಕೊಟ್ಟರು. ತಗೊಂಡ ಮೇಲೆ ಹೊಟ್ಟೆ ಇನ್ನೂ ಬಿಗಿಯಾಯಿತು. ನಮ್ಮ ಅತ್ತಿಗೆ ಪೈಲ್ಸ್ ಇರಬೇಕು ಅಂತಾರೆ. ಇವರು ಯಾರಿಗೂ ತೋರಿಸೋಕೆ ಒಪ್ಪುತ್ತಿಲ್ಲ. ಕ್ಯಾನ್ಸರ್ ವಾಪಸ್ ಬಂತಾ ಅಂತ ನನಗೆ ಭಯ.
— ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ಹತ್ತು ಹನ್ನೆರಡು ಅನ್ನುವ ಲೆಕ್ಕಕ್ಕಿಂತ ‘ಚೂರೇ ಚೂರು’ ಅಂದಿದ್ದೀರಲ್ಲ, ಅದು ನನಗೆ ಮುಖ್ಯ. ಭೇದಿ ಆದವರಿಗೆ ಹೋದಾಗೆಲ್ಲ ನೀರಾಗಿ ಧಾರಾಳವಾಗಿ ಹೋಗುತ್ತೆ, ಹೊಟ್ಟೆ ಖಾಲಿಯಾಗುತ್ತೆ. ನಿಮ್ಮವರಿಗೆ ಹೊಟ್ಟೆ ಖಾಲಿಯಾಗುತ್ತಿಲ್ಲ, ಉಬ್ಬುತ್ತಿದೆ. ಕರುಳು ಜೋಡಿಸಿದ ಜಾಗ ಕಿರಿದಾಗಿದೆಯಾ ಅಂತ ಮೊದಲು ನೋಡಬೇಕು. ನೋಡುವವರೆಗೆ ಆ ಮಾತ್ರೆ ನಿಲ್ಲಿಸಿ.

ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಾದರೆ ಉಳಿದದ್ದು ಅರ್ಥ ಮಾಡಿಕೊಳ್ಳೋದು ಸುಲಭ. ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್. ಕ್ಯಾನ್ಸರ್ ಇದ್ದ ಭಾಗವನ್ನು ಸುತ್ತಲಿನ ಕೊಬ್ಬಿನ ಸಮೇತ ತೆಗೆದು, ಮೇಲಿನ ಕರುಳನ್ನು ಕೆಳಗೆ ಎಳೆದು, ಉಳಿದ ತುದಿಗೆ ಸೇರಿಸುತ್ತಾರೆ. ಈಗ ಇದನ್ನು ಹೆಚ್ಚಾಗಿ ಗುಂಡಗಿನ ಸ್ಟೇಪ್ಲರ್‌ನಲ್ಲಿ ಮಾಡುತ್ತಾರೆ. ಅದನ್ನು ಗುದದ್ವಾರದಿಂದ ಒಳಗೆ ತರುತ್ತಾರೆ. ಮೇಲಿನ ಕರುಳಿಗೆ ಸ್ಟೇಪ್ಲರ್‌ನ ಮುಚ್ಚಳ ಕೂರಿಸಿರುತ್ತಾರೆ. ಎರಡನ್ನೂ ಸೇರಿಸಿ, ತಿರುಪು ಬಿಗಿ ಮಾಡಿ, ಹಿಡಿ ಒತ್ತಿದರೆ ಎರಡು ಸುತ್ತು ಪಿನ್ನು ಕೂರುತ್ತವೆ. ಅದೇ ಕ್ಷಣ ಒಳಗಿನ ಗುಂಡು ಬ್ಲೇಡು ನಡುವಿನ ಭಾಗ ಕತ್ತರಿಸಿ ದಾರಿ ತೆರೆಯುತ್ತೆ. ಸ್ಟೇಪ್ಲರ್ ಹೊರಗೆ ತೆಗೆದ ಮೇಲೆ ಅದರೊಳಗೆ ಕತ್ತರಿಸಿ ಬಂದ ಕರುಳಿನ ಎರಡು ಉಂಗುರ ಇರುತ್ತವೆ. ನಾವು ಅದನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ ನೋಡುತ್ತೇವೆ. ಎರಡೂ ಪೂರ್ತಿ ಸುತ್ತು ಇರಬೇಕು. ಒಂದು ಕಡೆ ಹರಿದಿದ್ದರೂ ಜೋಡಣೆಯಲ್ಲಿ ಕಿಂಡಿ ಇದೆ ಅಂತ ಅನುಮಾನ. ಆಮೇಲೆ ಕಿಬ್ಬೊಟ್ಟೆಗೆ ಸಲೈನ್ ತುಂಬಿ ಕೆಳಗಿನಿಂದ ಗಾಳಿ ಬಿಡುತ್ತೇವೆ. ಗುಳ್ಳೆ ಬಂದರೆ ಅಲ್ಲಿ ಸೋರುತ್ತಿದೆ. ಆಗ ಥಿಯೇಟರಿನಲ್ಲಿ ಎಲ್ಲರ ಬಾಯಿ ಮುಚ್ಚಿರುತ್ತೆ, ಬೇಕಾದರೆ ಅರಿವಳಿಕೆ ಡಾಕ್ಟರನ್ನು ಕೇಳಿ.

ಸ್ಟೇಪ್ಲರ್‌ನ ಹೊರ ಅಳತೆ 28 ಅಥವಾ 29 ಮಿಲಿಮೀಟರ್ ಇದ್ದರೂ ಒಳಗೆ ತೆರೆಯುವ ದಾರಿ ಸುಮಾರು 20 ಮಿಲಿಮೀಟರ್ ಮಾತ್ರ. ಅಂದರೆ ಮೊದಲೇ ಧಾರಾಳ ಜಾಗ ಇರಲ್ಲ. ಗಾಯ ಮಾಯುವಾಗ ಅದು ಇನ್ನಷ್ಟು ಬಿಗಿಯುತ್ತೆ, ಎಲ್ಲ ಗಾಯದ ಕಲೆಯೂ ಬಿಗಿಯೋದೇ. ಸಾಮಾನ್ಯವಾಗಿ ಅಷ್ಟು ಬಿಗಿದರೂ ತೊಂದರೆ ಇಲ್ಲ. ಕೆಲವರಿಗೆ ಮಾತ್ರ ಮಿತಿ ಮೀರುತ್ತೆ. ಜೋಡಿಸಿದ ತುದಿಗೆ ರಕ್ತ ಸಾಲದೆ ಹೋದರೆ, ಆಪರೇಷನ್ ಆದ ವಾರದಲ್ಲಿ ಅಲ್ಲಿ ಸೋರಿ ಕೀವಾಗಿದ್ದರೆ, ಮೊದಲೇ ರೇಡಿಯೇಷನ್ (ನೀವು ಕರೆಂಟು ಅಂದದ್ದು) ಕೊಟ್ಟಿದ್ದರೆ, ಜೋಡಣೆ ತೀರಾ ಕೆಳಗಿದ್ದರೆ ಹೀಗಾಗೋದು ಜಾಸ್ತಿ. ನಿಮ್ಮವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಸೋರಿಕೆ ಆಗಿತ್ತು ಅಂತ ಇದೆಯಾ ನೋಡಿ. ಕೈಹೊಲಿಗೆಗಿಂತ ಸ್ಟೇಪ್ಲರ್ ಹಾಕಿದವರಲ್ಲಿ ಕಿರಿದಾಗೋದು ಸ್ವಲ್ಪ ಹೆಚ್ಚು ಅಂತ ಎರಡನ್ನೂ ಹೋಲಿಸಿ ನೋಡಿದವರು ಹೇಳಿದ್ದಾರೆ. ಹಾಗಂತ ಸ್ಟೇಪ್ಲರ್ ಹಾಕಿದ್ದೇ ತಪ್ಪು ಅಂದುಕೊಳ್ಳಬೇಡಿ. ಅಷ್ಟು ಆಳದ, ಅಷ್ಟು ಇಕ್ಕಟ್ಟಿನ ಗಂಡಸಿನ ಕಿಬ್ಬೊಟ್ಟೆಯಲ್ಲಿ ಸೂಜಿ ಹಿಡಿದ ಕೈ ತಿರುಗೋಕೇ ಜಾಗ ಇರಲ್ಲ. ಸ್ಟೇಪ್ಲರ್ ಇಲ್ಲದ ಕಾಲದಲ್ಲಿ ಇಂಥ ಎಷ್ಟೋ ಜನರಿಗೆ ಗುದದ್ವಾರವನ್ನೇ ತೆಗೆದು ಜೀವನಪೂರ್ತಿ ಚೀಲ ಹಾಕಿ ಕಳಿಸುತ್ತಿದ್ದರು.

ಇನ್ನೊಂದು ಸಾಧ್ಯತೆಯೂ ಇದೆ. ಗುದನಾಳ ಅನ್ನೋದು ಮಲ ತಡೆದು ಇಟ್ಟುಕೊಳ್ಳುವ ಜಾಗ. ಅದನ್ನು ತೆಗೆದ ಮೇಲೆ, ಕೆರೆ ಮುಚ್ಚಿದ ಊರಲ್ಲಿ ಮಳೆ ನೀರು ಬಂದ ಹಾಗೆ, ಮಲ ಬಂದದ್ದೇ ನುಗ್ಗುತ್ತೆ. ಒಂದು ಗಂಟೆಯಲ್ಲಿ ಮೂರು ನಾಲ್ಕು ಸಲ ಓಡಬೇಕು, ತಡೆಯೋಕೆ ಆಗಲ್ಲ, ಕೆಲವೊಮ್ಮೆ ಬಟ್ಟೆಯಲ್ಲೇ ಆಗುತ್ತೆ. ಚೀಲ ಮುಚ್ಚಿದ ಮೊದಲ ತಿಂಗಳುಗಳಲ್ಲಿ ಇದು ತುಂಬಾ ಜನರಿಗೆ ಇರುತ್ತೆ. ಒಂದೆರಡು ವರ್ಷದಲ್ಲಿ ಬಹಳಷ್ಟು ಹತೋಟಿಗೆ ಬರುತ್ತೆ. ಬರೀ ಹೀಗೆ ನುಗ್ಗುವ ತೊಂದರೆ ಇರುವವರಿಗೆ ಭೇದಿ ನಿಲ್ಲುವ ಮಾತ್ರೆ ಒಳ್ಳೆಯ ಔಷಧಿಯೇ. ಆದರೆ ದಾರಿ ಕಿರಿದಾದವರಿಗೆ ಅದೇ ಮಾತ್ರೆ ಕೊಟ್ಟರೆ ಮೇಲೆ ಮಲ ಗಟ್ಟಿಯಾಗಿ ಕೂರುತ್ತೆ, ಅದರ ಪಕ್ಕದಿಂದ ನೀರು ಮಾತ್ರ ಜಾರಿ ಬರುತ್ತೆ. ಮನೆಯವರು ಅದನ್ನೂ ಭೇದಿ ಅಂದುಕೊಂಡು ಇನ್ನೊಂದು ಮಾತ್ರೆ ಕೊಡುತ್ತಾರೆ. ಎರಡೂ ಒಟ್ಟಿಗೇ ಇರುವವರೂ ಇದ್ದಾರೆ.

ಹೊರಗಿನಿಂದ ಕೇಳಿ ತಿಳಿಯೋದಾದರೆ ಇವನ್ನು ಕೇಳಿ: ಮಲ ಪೆನ್ಸಿಲ್ ದಪ್ಪಕ್ಕೆ ಬರುತ್ತಾ? ಮುಕ್ಕಿ ಮುಕ್ಕಿ ಕೂರಬೇಕಾ? ಎದ್ದು ಬಂದ ಮೇಲೂ ಉಳಿದಿದೆ ಅನ್ನಿಸುತ್ತಾ? ಊಟ ಆದ ಮೇಲೆ ಹೊಟ್ಟೆ ಹಿಂಡಿ ಗುಡುಗುಡು ಅನ್ನುತ್ತಾ? ಹೌದು ಅಂದರೆ ಕಿರಿದಾಗಿರುವ ಕಡೆಗೇ ತೂಕ ಜಾಸ್ತಿ.

ಆದರೆ ನಿಜ ಹೇಳಬೇಕಾದರೆ ಕೈಗವಸು ಹಾಕಿಕೊಂಡ ಒಂದು ತೋರುಬೆರಳು ಸಾಕು. ಕೆಳಗಿನ ಜೋಡಣೆಗಳು ಬೆರಳಿಗೆ ಸಿಗುತ್ತವೆ. ಬೆರಳು ಸರಾಗ ದಾಟಿದರೆ ಇದು ಕಿರಿದಾದ ಸಮಸ್ಯೆ ಅಲ್ಲ. ತುದಿಯೂ ಹೋಗದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ನಿಮ್ಮ ಪತ್ರದ ಪ್ರಕಾರ ಇಷ್ಟು ದಿನದಲ್ಲಿ ಯಾರೂ ಅದನ್ನು ಮಾಡಿಲ್ಲ. ಅವರಿಗೆ ನಾಚಿಕೆ, ಡಾಕ್ಟರಿಗೆ ಅವಸರ. ಪೈಲ್ಸ್ ಮುಲಾಮು ಹಚ್ಚಿಕೊಂಡು ಇನ್ನೆರಡು ತಿಂಗಳು ಕಳೆಯಬೇಡಿ.

ಕ್ಯಾನ್ಸರ್ ವಾಪಸ್ ಬಂತಾ ಅನ್ನೋದಕ್ಕೆ ಸುಮ್ನೆ ಸಮಾಧಾನ ಹೇಳಲ್ಲ. ಕಿರಿದಾಗೋದು ಹೆಚ್ಚಾಗಿ ಗಾಯದ ಕಲೆಯಿಂದಲೇ, ಆಪರೇಷನ್ ಆದ ಮೊದಲ ವರ್ಷದಲ್ಲೇ ಅದು ಕಾಣಿಸಿಕೊಳ್ಳುತ್ತೆ. ಆದರೂ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ಇದು ಬರೀ ಕಲೆ ಅಂತ ಊಹಿಸಿಕೊಂಡು ಬಿಡುವಂತಿಲ್ಲ. ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಕೊಳವೆ, ಹಾಕಿ ನೋಡಬೇಕು, ಅನುಮಾನ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಕ್ಯಾನ್ಸರಿನ ಸುಳಿವು ಕೊಡುವ ಸಿಇಎ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ನೋಡಬೇಕು. ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ನಡುವೆ ಗಾಳಿ ಕೂಡ ಹೋಗದೆ ನಿಂತು ವಾಂತಿ ಶುರುವಾದರೆ ಅಪಾಯಿಂಟ್‌ಮೆಂಟು ಕಾಯಬೇಡಿ, ಅದೇ ರಾತ್ರಿ ಹೊರಡಿ.

ಪ್ರಶ್ನೆ: ನನಗೆ 46. ಆಪರೇಷನ್ ಆಗಿ ಏಳು ತಿಂಗಳು. ಕಿಮೋ ಮುಗಿಯಲಿ ಅಂತ ಚೀಲ ಹಾಗೇ ಬಿಟ್ಟಿದ್ದರು. ಈಗ ಚೀಲ ತೆಗೆಯೋಕೆ ಅಂತ ಹೋದರೆ, ಕೆಳಗಿನಿಂದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದು, ‘ಜೋಡಣೆ ಪೂರ್ತಿ ಮುಚ್ಚಿಕೊಂಡಿದೆ’ ಅಂದರು. ನನಗೆ ಏನೂ ನೋವಿಲ್ಲ. ಇದು ಹೇಗೆ ಸಾಧ್ಯ? ಇನ್ನು ಚೀಲವೇ ಗತಿಯಾ?
— ಓದುಗ, ಕುಂದಾಪುರ

ಉತ್ತರ: ನೋವಿಲ್ಲ ಯಾಕೆಂದರೆ ಆ ದಾರಿಯಲ್ಲಿ ಏಳು ತಿಂಗಳಿಂದ ಏನೂ ಹೋಗಿಲ್ಲ. ಮಲವೆಲ್ಲ ಸಣ್ಣ ಕರುಳಿನಿಂದ ನೇರ ಚೀಲಕ್ಕೆ ಬರುತ್ತಿದೆ.

ಮಲ ಹೋಗುವಾಗ ಅದೇ ಜೋಡಣೆಯನ್ನು ದಿನಾ ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತಾ ಇರುತ್ತೆ. ಬೇರೆ ಯಾವ ಔಷಧಿಗೂ ಆ ಕೆಲಸ ಬರಲ್ಲ. ಚೀಲ ಹಾಕಿದವರಿಗೆ ಅದು ಇಲ್ಲ. ಹೊಸ ಜೋಡಣೆ ಸೋರಿದರೂ ಜೀವಕ್ಕೆ ಅಪಾಯ ಕಡಿಮೆಯಾಗಲಿ ಅಂತ ಚೀಲ ಹಾಕೋದು. ಆ ಲಾಭಕ್ಕೆ ಇದು ತೆರಬೇಕಾದ ಬೆಲೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಚೀಲ ಮುಚ್ಚಬಹುದು. ಕಿಮೋ ಇದ್ದವರಿಗೆ ಅದು ಮುಂದಕ್ಕೆ ಹೋಗುತ್ತೆ, ನಿಮಗೆ ಆದ ಹಾಗೆ.

ನಿಮ್ಮ ಡಾಕ್ಟರು ಮುಚ್ಚುವ ಮೊದಲು ಎಕ್ಸ್‌ರೇ ತೆಗೆದದ್ದು ಒಳ್ಳೆಯದಾಯಿತು. ಕೆಳಗೆ ದಾರಿ ಇಲ್ಲದೆ ಮೇಲೆ ಚೀಲ ಮುಚ್ಚಿದ್ದರೆ ಮಲ ಎಲ್ಲಿ ಹೋಗಬೇಕಿತ್ತು? ಈ ಎಕ್ಸ್‌ರೇಗೆ ಹಾಕುವ ಔಷಧಿ ನೀರಲ್ಲಿ ಕರಗುವಂಥದ್ದು. ಎಲ್ಲಾದರೂ ಸೋರಿದರೂ ಹೆಚ್ಚು ಹಾನಿ ಇಲ್ಲ. ಸೋರಿಕೆ ಇದೆಯಾ, ದಾರಿ ಎಷ್ಟಿದೆ ಅಂತ ಎರಡೂ ಅದರಲ್ಲಿ ತಿಳಿಯುತ್ತೆ.

ಚೀಲವೇ ಗತಿ ಅಂತ ಈಗಲೇ ನಿರ್ಧರಿಸಬೇಡಿ. ಹೀಗೆ ಮುಚ್ಚಿಕೊಂಡದ್ದರಲ್ಲಿ ಎರಡು ಬಗೆ. ಒಂದು ತೆಳ್ಳಗಿನ ಪೊರೆ ಕಟ್ಟಿರೋದು. ಎಕ್ಸ್‌ರೇಯಲ್ಲಿ ಪೂರ್ತಿ ಬಂದ್ ಆಗಿರುವಂತೆ ಕಾಣುತ್ತೆ, ಆದರೆ ಎಷ್ಟೋ ಸಲ ಅರಿವಳಿಕೆ ಕೊಟ್ಟು ಬೆರಳು ಹಾಕಿದರೆ ಪೊರೆ ಬಿಟ್ಟುಕೊಳ್ಳುತ್ತೆ. ಅದು ಬಿಟ್ಟುಕೊಂಡದ್ದು ಬೆರಳಿಗೆ ಸ್ಪಷ್ಟ ಗೊತ್ತಾಗುತ್ತೆ. ಆಪರೇಷನ್ ಮಾಡುವವರಿಗೆ ಇದಕ್ಕಿಂತ ಖುಷಿಯ ಕ್ಷಣ ಕಡಿಮೆ. ಇನ್ನೊಂದು ದಪ್ಪ, ಉದ್ದ, ಗಟ್ಟಿ ಕಲೆ. ಸೋರಿ ಕೀವಾಗಿ ಮಾಯ್ದ ಕಡೆ ಹೀಗಾಗುತ್ತೆ. ಅದನ್ನು ಒಳಗೆ ಬಲೂನು ಉಬ್ಬಿಸಿ ಹಿಗ್ಗಿಸಬೇಕು, ಹಲವು ಸಲ ಬೇಕು, ಕೆಲವೊಮ್ಮೆ ಅದೂ ಸಾಲಲ್ಲ. ನಿಮ್ಮದು ಯಾವುದು, ಎಷ್ಟು ಉದ್ದ ಅಂತ ಕೇಳಿ. ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ ಅಂದರೆ ಧೈರ್ಯ ತಗೊಳ್ಳಿ.

ದಾರಿ ಬಿಡಿಸಿದ ಮೇಲೂ ಚೀಲ ಮುಚ್ಚೋಕೆ ಅವಸರ ಮಾಡಬೇಡಿ. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಿ, ದಾರಿ ಉಳಿದಿದೆ ಅಂತ ಖಾತ್ರಿಯಾದ ಮೇಲೆ ಮುಚ್ಚಲಿ. ಹಾಗೆಯೇ ತುಂಬಾ ತಡವೂ ಬೇಡ. ಮಲ ಹೋಗೋಕೆ ಶುರುವಾದರೆ ಅದೇ ದಾರಿ ತೆರೆದು ಇಟ್ಟುಕೊಳ್ಳುತ್ತೆ.

ಪ್ರಶ್ನೆ: ನಮ್ಮವ್ವಗ ಎರಡು ಸಲ ಬಲೂನ್ ಹಾಕಿ ಹಿಗ್ಗಿಸ್ಯಾರ. ಒಂದೂವರೆ ತಿಂಗಳು ಛಲೋ ಇರ್ತಾಳ, ಮತ್ತ ಅದೇ ತ್ರಾಸು. ಇನ್ನ ಎಷ್ಟು ಸಲ ಮಾಡಬೇಕ್ರಿ? ಪ್ರತಿ ಸಲ ಹಿಗ್ಗಿಸಿದರ ಕರುಳ ಹರಿಯೂದಿಲ್ಲೇನ್ರಿ? ಮನಿಯೊಳಗ ಕಬ್ಬಿಣದ ಕಡ್ಡಿಯಿಂದ ಮಾಡ್ಕೋಬಹುದು ಅಂತ ಒಬ್ರು ಹೇಳಿದ್ರು, ಖರೇನ್ರಿ?
— ಮಗ, ಕಲಬುರಗಿ

ಉತ್ತರ: ಎರಡು ಸಲಕ್ಕೆ ಮುಗಿಯಲಿಲ್ಲ ಅಂದರೆ ಚಿಕಿತ್ಸೆ ಸೋತಿತು ಅಂತ ಅಲ್ಲರಿ. ಕಲೆ ಹಿಗ್ಗಿಸಿದರೆ ಅದು ಮತ್ತೆ ಬಿಗಿಯೋಕೆ ನೋಡುತ್ತೆ. ಹಾಗಾಗಿ ಕೆಲವು ವಾರದ ಅಂತರದಲ್ಲಿ ಮೂರು ನಾಲ್ಕು ಸಲ ಬೇಕಾಗೋದು ಮಾಮೂಲು. ನಾನು ನೋಡೋದು ಎಷ್ಟು ಸಲ ಆಯಿತು ಅಂತ ಅಲ್ಲ, ನಡುವಿನ ಅಂತರ. ಮೊದಲು ಆರು ವಾರ ಚೆನ್ನಾಗಿದ್ದವರು ಮುಂದಿನ ಸಲ ಮೂರು ತಿಂಗಳು ಚೆನ್ನಾಗಿದ್ದರೆ ದಾರಿ ಸರಿಯಾಗುತ್ತಿದೆ. ಅಂತರ ಕಡಿಮೆಯಾಗುತ್ತಾ ಬಂದರೆ ಬೇರೆ ಯೋಚನೆ ಮಾಡಬೇಕು.

ಮಾಡೋದು ಹೀಗೆ. ಹಿಂದಿನ ದಿನ ಅಥವಾ ಬೆಳಿಗ್ಗೆ ಕರುಳು ಸ್ವಚ್ಛ ಮಾಡಿಸಿ, ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಸ್ಕೋಪನ್ನು ಕಿರಿದಾದ ಜಾಗದವರೆಗೆ ತರುತ್ತಾರೆ. ಸ್ಕೋಪಿನ ಒಳಗಿನ ಸಣ್ಣ ಕಾಲುವೆಯಿಂದ ಮಡಚಿದ ಬಲೂನು ಹೊರಗೆ ಬಂದು ಕಿರಿದಾದ ಕಡೆ ಕೂರುತ್ತೆ. ಅದಕ್ಕೆ ನೀರು ತುಂಬುತ್ತಾರೆ. ಹಿಡಿಯಲ್ಲಿ ಒತ್ತಡ ತೋರಿಸುವ ಗಡಿಯಾರ ಇರುತ್ತೆ. ಇಷ್ಟು ಒತ್ತಡಕ್ಕೆ ಬಲೂನು ಇಷ್ಟು ಮಿಲಿಮೀಟರ್ ಅಂತ ಅದರ ಪಟ್ಟಿಯಲ್ಲೇ ಬರೆದಿರುತ್ತೆ. ಒಂದೆರಡು ನಿಮಿಷ ಹಿಡಿದು ಬಿಡುತ್ತಾರೆ, ಮುಂದಿನ ಅಳತೆಗೆ ಏರಿಸುತ್ತಾರೆ. ಈ ಬಗೆಯ ಬಲೂನು ಹೆಚ್ಚೆಂದರೆ 20 ಮಿಲಿಮೀಟರ್. ಮೊದಲ ದಿನವೇ ಅಲ್ಲಿಗೆ ಹೋಗುವ ಹಟ ಬೇಡ. ತೀರಾ ಕಿರಿದಾಗಿದ್ದರೆ ಹಂತ ಹಂತವಾಗಿ ಏರಿಸೋದೇ ಜಾಣತನ.

ಹರಿಯುವ ಅಪಾಯ ಇದೆ, ಕಡಿಮೆ. ರೇಡಿಯೇಷನ್ ಆದ ಕರುಳಿನಲ್ಲಿ ಹುಷಾರಾಗಿರಬೇಕು. ಮಾಡಿದ ದಿನ ಒಂದೆರಡು ಹನಿ ರಕ್ತ, ಸ್ವಲ್ಪ ಹಿಂಡಿದ ಹಾಗೆ ನೋವು ಇರಬಹುದು. ಆದರೆ ನೋವು ಏರುತ್ತಲೇ ಹೋದರೆ, ಹೊಟ್ಟೆ ಕಲ್ಲಾದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ‘ನಾಳೆ ನೋಡೋಣ’ ಅನ್ನಬೇಡಿ. ನಿಮ್ಮವ್ವ ಹೃದಯಕ್ಕೆ ಅಂತ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿ ನಿಲ್ಲಿಸಬೇಡಿ.

ಬಲೂನಿಗೆ ಬಗ್ಗದಿದ್ದರೆ ಕಲೆಯನ್ನು ಎರಡು ಮೂರು ಕಡೆ ವಿದ್ಯುತ್ ಸೂಜಿಯಿಂದ ಸೀಳಿ ಆಮೇಲೆ ಹಿಗ್ಗಿಸುತ್ತಾರೆ. ಕೆಲವರು ಅಲ್ಲೇ ಸ್ಟೆರಾಯ್ಡ್ ಚುಚ್ಚುತ್ತಾರೆ. ಹೃದಯಕ್ಕೆ ಹಾಕುವ ಹಾಗೆ ಸ್ಟೆಂಟ್ ಹಾಕಿಬಿಡಿ ಅಂತ ಮನೆಯವರು ಕೇಳುತ್ತಾರೆ. ಗುದದ್ವಾರಕ್ಕೆ ಹತ್ತಿರ ಇರುವ ಜೋಡಣೆಗೆ ಅದು ಸರಿ ಹೋಗಲ್ಲ. ಸದಾ ಮಲ ಬಂದ ಹಾಗೆ ಅನ್ನಿಸುತ್ತೆ, ನೋವು, ಜೊತೆಗೆ ಜಾರಿ ಹೊರಗೂ ಬರುತ್ತೆ. ಇದೆಲ್ಲ ಆದ ಮೇಲೂ ದಾರಿ ನಿಲ್ಲದ ಕೆಲವೇ ಜನರಿಗೆ ಇನ್ನೊಂದು ಆಪರೇಷನ್, ಅಥವಾ ಕಾಯಂ ಚೀಲ. ಎರಡನೇ ಸಲ ಅದೇ ಕಿಬ್ಬೊಟ್ಟೆ ಬಿಚ್ಚೋದು ಕಷ್ಟದ ಆಪರೇಷನ್. ಇದನ್ನು ಆಗಾಗ ಮಾಡುವ ಕಡೆಯೇ ಮಾಡಿಸಬೇಕು. ವಯಸ್ಸಾದವರು ‘ಚೀಲವೇ ಇರಲಿ, ನೆಮ್ಮದಿಯಾಗಿ ಉಣ್ಣುತ್ತೇನೆ’ ಅಂದರೆ ನಾನು ಅವರ ಜೊತೆ ವಾದ ಮಾಡಲ್ಲ.

ಕಡ್ಡಿಯ ವಿಷಯ ಅರ್ಧ ಖರೆ. ಅವು ಹೆಗಾರ್ ಅನ್ನುವ ನುಣುಪಾದ ಲೋಹದ ಕಡ್ಡಿಗಳು. ಹೆಸರು ಬಂದಿರೋದು ಜರ್ಮನಿಯ ಆಲ್‌ಫ್ರೆಡ್ ಹೆಗಾರ್ ಅನ್ನುವ ಸ್ತ್ರೀರೋಗ ವೈದ್ಯರಿಂದ. ಗರ್ಭಕೋಶದ ಬಾಯಿ ಹಿಗ್ಗಿಸೋಕೆ ಮಾಡಿದ್ದು ನಮ್ಮ ಕೆಲಸಕ್ಕೂ ಬಂತು. ಅವುಗಳ ಮೇಲಿನ ಸಂಖ್ಯೆಯೇ ಮಿಲಿಮೀಟರ್ ದಪ್ಪ. ಬೆರಳಿಗೆ ಸಿಗುವಷ್ಟು ಕೆಳಗಿನ ಜೋಡಣೆ ಇದ್ದರೆ ಕೆಲವರಿಗೆ ನಾವೇ ಕಲಿಸಿ, ನಮ್ಮ ಎದುರು ಮಾಡಿಸಿ, ಯಾವ ಅಳತೆ, ಎಷ್ಟು ಆಳ ಅಂತ ಬರೆದು ಕೊಟ್ಟು ಮನೆಗೆ ಕಳಿಸುತ್ತೇವೆ. ಹಾಗೆ ಕಲಿಸದೇ ಇದ್ದರೆ ಮನೆಯಲ್ಲಿ ಏನನ್ನೂ ಹಾಕಬೇಡಿ. ದಾರಿ ನೇರ ಇರಲ್ಲ. ನೀವು ಒತ್ತಿದ ಕಡ್ಡಿ ಗೋಡೆಗೆ ತಾಗಿದ್ದು ನಿಮಗೆ ಗೊತ್ತಾಗಲ್ಲ.

ಖರ್ಚಿನ ಬಗ್ಗೆ ಪತ್ರದ ಹಿಂದೆ ಬರೆದಿದ್ದೀರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಆದರೆ ಎಲ್ಲ ಚಿಕಿತ್ಸೆಯೂ ಎಲ್ಲ ಆಸ್ಪತ್ರೆಯಲ್ಲೂ ಅದರಡಿ ಬರಲ್ಲ. ಮುಂದಿನ ಬಲೂನಿಗೆ ದಿನ ಗೊತ್ತು ಮಾಡುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ಕೇಳಿ. ಕ್ಯಾನ್ಸರಿನ ಮುಂದಿನ ತಪಾಸಣೆಗೆ ಪ್ರತಿ ಸಲ ಬೆಂಗಳೂರಿಗೆ ಓಡಬೇಕಿಲ್ಲ, ಕಿದ್ವಾಯಿಯ ಕೇಂದ್ರ ನಿಮ್ಮ ಕಲಬುರಗಿಯಲ್ಲೇ ಇದೆ.

ಪ್ರಶ್ನೆ: ಜೋಡಣೆ ಸ್ವಲ್ಪ ಕಿರಿದು ಅಂದಿದ್ದಾರೆ. ಒಬ್ಬ ಡಾಕ್ಟರು ನಾರು ಜಾಸ್ತಿ ತಿನ್ನಿ ಅಂತಾರೆ, ಇನ್ನೊಬ್ಬರು ನಾರು ಬೇಡವೇ ಬೇಡ ಅಂತಾರೆ. ಇಸಬ್‌ಗೋಲ್ ತಗೋಬಹುದಾ? ಹಲಸಿನ ಹಣ್ಣಿನ ಕಾಲ ಬೇರೆ ಬಂತು.
— ಶಿಕ್ಷಕಿ, ಶಿರಸಿ

ಉತ್ತರ: ಇಬ್ಬರೂ ಸರಿ ಮೇಡಂ, ಬೇರೆ ಬೇರೆ ರೋಗಿಯ ಬಗ್ಗೆ. ಬೆರಳು ದಾಟುವಷ್ಟು ದಾರಿ ಇದ್ದು, ಹೊಟ್ಟೆ ಉಬ್ಬರ ಇಲ್ಲದಿದ್ದರೆ ಮೆತ್ತಗೆ ತುಂಬಿದ ಮಲ ಒಳ್ಳೆಯದೇ. ಅದು ದಾರಿಯನ್ನು ಹಿಗ್ಗಿಸುತ್ತೆ. ಆಗ ಇಸಬ್‌ಗೋಲ್ ಸಣ್ಣ ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆ. ಮೇಲೆ ಇನ್ನೊಂದು ಲೋಟ ಕುಡಿಯಿರಿ. ನೀರು ಸಾಲದಿದ್ದರೆ ಅದು ಅಂಟಿನ ಗಡ್ಡೆಯಾಗಿ ಕೂರುತ್ತೆ.

ಆದರೆ ಕಿರಿದು ಜಾಸ್ತಿ ಇದ್ದು, ಮುಕ್ಕಬೇಕಾಗಿದ್ದರೆ, ದಾರಿ ಹಿಗ್ಗಿಸುವವರೆಗೆ ಇಸಬ್‌ಗೋಲ್ ಬೇಡ. ಆಗ ಬೇಕಾದ್ದು ಮಲ ಮೆತ್ತಗಾಗೋದು, ದಪ್ಪ ಆಗೋದಲ್ಲ. ನೀರನ್ನು ಮಲದಲ್ಲೇ ಹಿಡಿದಿಡುವ ಪುಡಿ ಅಥವಾ ಸಿರಪ್ ಇವೆ, ಡಾಕ್ಟರು ಬರೆದುಕೊಡುತ್ತಾರೆ. ಊಟಕ್ಕೆ ಮೆತ್ತಗಿನ ಅನ್ನ, ತಿಳಿ ಸಾರು, ಇಡ್ಲಿ, ಮೊಸರು, ಸಿಪ್ಪೆ ತೆಗೆದು ಬೇಯಿಸಿದ ಕುಂಬಳ, ಸೋರೆಕಾಯಿ, ಮೀನು ಮೊಟ್ಟೆ ತಿನ್ನುವವರಾದರೆ ಅದು. ಬಾಳೆದಿಂಡು, ನುಗ್ಗೆಕಾಯಿಯ ಸಿಪ್ಪೆ, ಹಸಿ ತೆಂಗಿನ ಚೂರು, ಕಿತ್ತಳೆಯ ತೊಳೆ, ಮುಸುಕಿನ ಜೋಳ ಇವೆಲ್ಲ ಸ್ವಲ್ಪ ದಿನ ಬೇಡ. ಇವುಗಳ ನಾರು, ಸಿಪ್ಪೆ ಜೀರ್ಣ ಆಗದೆ ಗಂಟು ಕಟ್ಟಿ ಕಿರಿದಾದ ಬಾಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಹಲಸಿನ ವಿಷಯಕ್ಕೆ ಬರೋಣ, ಶಿರಸಿಯವರಿಗೆ ಅದು ಬೇಡ ಅನ್ನೋಕೆ ನನಗೂ ಮನಸ್ಸಿಲ್ಲ. ದಾರಿ ಸರಿಯಾದ ಮೇಲೆ ಒಂದೆರಡು ತೊಳೆ, ಚೆನ್ನಾಗಿ ಅಗಿದು. ಈಗ ಹಣ್ಣು ಬೇಡ, ಹಪ್ಪಳವೂ ಬೇಡ.

ಪ್ರಶ್ನೆ: ಆ ಸ್ಟೇಪ್ಲರ್ ಪಿನ್ನುಗಳನ್ನು ಆಮೇಲೆ ತೆಗೆಯುತ್ತಾರಾ? ತುಕ್ಕು ಹಿಡಿಯಲ್ವಾ? ಎಂಆರ್‌ಐ ಮಾಡಿಸಬಹುದಾ? ಇಂಥದ್ದನ್ನು ಕಂಡುಹಿಡಿದವರು ಯಾರು?
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ತೆಗೆಯಲ್ಲ. ಅವು ಟೈಟಾನಿಯಂ, ತುಕ್ಕು ಹಿಡಿಯಲ್ಲ. ಒತ್ತಿದಾಗ ಇಂಗ್ಲಿಷಿನ ಬಿ ಅಕ್ಷರದ ಆಕಾರಕ್ಕೆ ಮಡಚಿಕೊಳ್ಳುತ್ತವೆ, ಪೂರ್ತಿ ಚಪ್ಪಟೆ ಆಗಲ್ಲ. ಆ ಸಂದಿಯಲ್ಲೇ ಕರುಳಿನ ಅಂಚಿಗೆ ರಕ್ತ ಹರಿಯುತ್ತೆ. ಒಂದೆರಡು ಕಳಚಿ ಮಲದಲ್ಲಿ ಬಂದರೂ ಹೆದರಬೇಕಿಲ್ಲ. ಎಂಆರ್‌ಐ ಮಾಡಿಸಬಹುದು, ಹೀಗೆ ಆಪರೇಷನ್ ಆಗಿದೆ ಅಂತ ಹೇಳಿ ಮಾಡಿಸಿ.

ಮೊದಲ ಸ್ಟೇಪ್ಲರ್ 1908ರಲ್ಲಿ ಬುಡಾಪೆಸ್ಟ್‌ನಲ್ಲಿ ಬಂತು. ಹ್ಯೂಮರ್ ಹ್ಯೂಲ್ಟ್ಲ್ ಅನ್ನುವ ಸರ್ಜನ್ನು, ವಿಕ್ಟರ್ ಫಿಷರ್ ಅನ್ನುವ ಉಪಕರಣ ಮಾಡುವವರು ಸೇರಿ ಮಾಡಿದ್ದು. ಅದು ಹೊಟ್ಟೆಯ ಆಪರೇಷನ್ನಿಗೆ, ಮೂರು ಕಿಲೋಗೂ ಜಾಸ್ತಿ ತೂಕ. ಆಮೇಲೆ ಮಾಸ್ಕೋದಲ್ಲಿ ಸೋವಿಯತ್ ಎಂಜಿನಿಯರುಗಳು ಬಗೆಬಗೆಯ ಸ್ಟೇಪ್ಲರ್ ಮಾಡಿದರು. 1958ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದ ಮಾರ್ಕ್ ರಾವಿಚ್ ಅನ್ನುವ ಅಮೆರಿಕದ ಸರ್ಜನ್ ಒಂದನ್ನು ಕೊಂಡು ತಮ್ಮ ದೇಶಕ್ಕೆ ಒಯ್ದರು. ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು.

ಪ್ರಶ್ನೆ: ನಮ್ಮ ಮಾವನವರಿಗೆ ಆಪರೇಷನ್ ಆಗಿ ಎಂಟು ತಿಂಗಳು. ಈಗ ಟಾಯ್ಲೆಟ್ಟಿನಲ್ಲಿ ಮುಕ್ಕಾಲು ಗಂಟೆ ಕೂರುತ್ತಾರೆ. ನಾನು ಸೊಸೆ, ಕೇಳೋಕೆ ಸಂಕೋಚ. ಮಗ ಕೇಳಿದರೆ ಸಿಟ್ಟಾಗುತ್ತಾರೆ. ‘ಆ ಪರೀಕ್ಷೆ ಮಾಡ್ತಾರೆ’ ಅಂತ ಆಸ್ಪತ್ರೆಗೇ ಬರಲ್ಲ ಅಂತಾರೆ. ಹೇಗೆ ಒಪ್ಪಿಸೋದು?
— ಸೊಸೆ, ಮೈಸೂರು

ಉತ್ತರ: ಬಾಯಿಬಿಟ್ಟು ಕೇಳೋಕೆ ಆಗದಿದ್ದರೆ ಟಾಯ್ಲೆಟ್ಟಿನ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್, ಒಂದು ಪೆನ್ನು ತೂಗುಹಾಕಿ. ಹೋದಾಗೆಲ್ಲ ಒಂದು ಗೀಟು, ಸರಿಯಾಗಿ ಆದರೆ ಗೀಟಿನ ಮೇಲೆ ಅಡ್ಡ ಗೀಟು ಅಂತ ಹೇಳಿ. ಗಂಡಸರು ಮಾತಾಡೋಕೆ ಒಪ್ಪಲ್ಲ, ಲೆಕ್ಕ ಬರೆಯೋಕೆ ಒಪ್ಪುತ್ತಾರೆ. ಒಂದು ವಾರದ ಆ ಹಾಳೆ ನನ್ನ ಮುಂದೆ ಇಟ್ಟರೆ ಅರ್ಧ ಕಥೆ ಗೊತ್ತಾಗುತ್ತೆ.

ಪರೀಕ್ಷೆ ಹೇಗಿರುತ್ತೆ ಅಂತ ಈ ಪುಟವನ್ನೇ ಅವರ ಟೇಬಲ್ ಮೇಲೆ ಇಟ್ಟುಬಿಡಿ. ಪರದೆ ಎಳೆದ ಕೋಣೆ. ಎಡ ಮಗ್ಗುಲಿಗೆ ಮಲಗಿ ಮಂಡಿ ಎದೆಯ ಕಡೆ ಮಡಚಬೇಕು. ಮೇಲೆ ಹೊದಿಕೆ ಇರುತ್ತೆ. ಮರಗಟ್ಟಿಸುವ ಜೆಲ್ಲಿ ಹಚ್ಚಿದ ಒಂದು ಬೆರಳು. ಬಾಯಿಂದ ನಿಧಾನ ಉಸಿರು ಬಿಡುತ್ತಾ ಇದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತೆ. ಗಂಡಸು ಡಾಕ್ಟರೇ ಬೇಕು ಅಂತ ಕೇಳುವ ಹಕ್ಕು ಅವರಿಗಿದೆ. ನನ್ನ ಮುಂದೆ ಬಂದು ಹಾಗೆ ಕೇಳಿದವರಿದ್ದಾರೆ, ಪಕ್ಕದ ಕೋಣೆಗೆ ಕಳಿಸಿದ್ದೇನೆ, ನನಗೇನೂ ಬೇಜಾರಿಲ್ಲ. ಹೆಂಗಸರು ಪರೀಕ್ಷೆ ಮಾಡಿಸಿಕೊಳ್ಳುವಾಗ ನರ್ಸ್ ಜೊತೆಗಿರಲಿ ಅಂತ ಕೇಳಬಹುದು.

ಹೋಗುವಾಗ ಬಿಲ್ಲಿನ ಕಟ್ಟು ಮನೆಯಲ್ಲೇ ಇರಲಿ. ಡಿಸ್ಚಾರ್ಜ್ ಕಾರ್ಡು, ಬಯಾಪ್ಸಿ ವರದಿ, ಕೊನೆಯ ಸ್ಕ್ಯಾನ್ ಸಾಕು. ಸಿಕ್ಕರೆ ಆಪರೇಷನ್ ನೋಟ್ಸಿನ ಪ್ರತಿ ಕೇಳಿ ಪಡೆದುಕೊಳ್ಳಿ. ಜೋಡಣೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ, ಯಾವ ಅಳತೆಯ ಸ್ಟೇಪ್ಲರ್ ಹಾಕಿದ್ದಾರೆ ಅಂತ ಅದರಲ್ಲಿ ಇರುತ್ತೆ. ಆ ಎರಡು ಸಂಖ್ಯೆ ಮೊದಲೇ ಗೊತ್ತಿದ್ದರೆ ಬೆರಳು ಸಾಕಾ, ಸ್ಕೋಪ್ ಬೇಕಾ ಅಂತ ಡಾಕ್ಟರು ಅಲ್ಲೇ ಹೇಳಬಹುದು. ಕ್ಯಾಲೆಂಡರ್ ಹಾಳೆಯನ್ನೂ ಹರಿದುಕೊಂಡು ಬನ್ನಿ.